ಇಂಗ್ಲಿಷಿನ ತೂಕ

1953ನೇ ಇಸವಿ ಡಿಸೆಂಬರ್ 12, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಮಡಿಕೇರಿಯ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಇಂಟರ್‌ಮೀಡಿಯೆಟ್ ಎರಡನೇ ವರ್ಷದ ಪೊನ್ನಮ್ಮ ತನ್ನ ಅರ್ಧವಾರ್ಷಿಕ ಪರೀಕ್ಷೆಯ ಸರಾಸರಿಯನ್ನು ಅಧ್ಯಾಪಕ ನಾಗರಾಜು ಅವರಿಗೆ ಹೇಳಿದಳು. ಐವತ್ತೊಂದು ಪಾಯಿಂಟ್ ಆರು.

ಫೆಬ್ರವರಿಯ ಆಯ್ಕೆ ಪರೀಕ್ಷೆಯಲ್ಲಿ ಸರಾಸರಿ ಶೇಕಡಾ ಐವತ್ತಾದರೂ ಬಂದವರನ್ನು ಮಾತ್ರ ಕಾಲೇಜು ಪಬ್ಲಿಕ್ ಪರೀಕ್ಷೆಗೆ ಕಳುಹಿಸುತ್ತಿತ್ತು. ಉಳಿದವರು ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಬೇಕು. ಪೊನ್ನಮ್ಮನಿಗೆ ಇನ್ನೊಂದು ವರ್ಷ ಇರಲಿಲ್ಲ. ಅವಳು ಉಳಿದುಕೊಂಡಿದ್ದದ್ದು ಸೋದರತ್ತೆಯ ಮನೆಯಲ್ಲಿ. ಮಾವ ಮೇ ತಿಂಗಳಲ್ಲಿ ನಿವೃತ್ತರಾಗಿ ಸಂಪಾಜೆಗೆ ಹೋಗುವವರಿದ್ದರು. ಅವಳ ಊರು ದೂರದ ಕರಿಕೆ. ಅಲ್ಲಿಂದ ದಿನವೂ ಕಾಲೇಜಿಗೆ ಬಂದು ಹೋಗುವ ಮಾತನ್ನು ಯಾರೂ ಎತ್ತುವಂತಿರಲಿಲ್ಲ.

"ಅದೆಂಗೆ ಬಂತಮ್ಮ ಐವತ್ತೊಂದು?" ನಾಗರಾಜು ಕೇಳಿದರು. ಅವರು ಹಾಸನದ ಕಡೆಯವರು.

"ಈ ಸಲದ ಪರೀಕ್ಷೆಯ ಐದು ವಿಷಯದ ಪರ್ಸೆಂಟೂ ಕೂಡಿಸಿ ಐದರಿಂದ ಭಾಗಿಸ್ದೆ, ಸಾರ್."

"ಇಂಗ್ಲಿಷ್ ಎಷ್ಟಕ್ಕೆ?"

"ಇನ್ನೂರಕ್ಕೆ."

"ಕನ್ನಡ?"

"ನೂರಕ್ಕೆ."

"ಇನ್ನೂರು ಸಿ.ಸಿ. ತೆಳು ಆಸಿಡ್‌ಗೆ ನೂರು ಸಿ.ಸಿ. ಗಟ್ಟಿ ಆಸಿಡ್ ಬೆರೆಸಿದ್ರೆ, ಸರಿಯಾಗಿ ಎರಡರ ಮಧ್ಯಕ್ಕೆ ಬಂದು ನಿಲ್ತದಾ?"

ಪೊನ್ನಮ್ಮ ಬ್ಯುರೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪೆನ್ಸಿಲು ತೆಗೆದುಕೊಂಡಳು. ಇಂಗ್ಲಿಷ್ ಇನ್ನೂರಕ್ಕೆ ಎಪ್ಪತ್ತಾರು. ಕನ್ನಡ ನೂರಕ್ಕೆ ಎಪ್ಪತ್ತೆರಡು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ತಲಾ ನೂರೈವತ್ತಕ್ಕೆ ಅರವತ್ತೊಂಬತ್ತು, ಎಪ್ಪತ್ತೆಂಟು, ಎಪ್ಪತ್ತೈದು. ಒಟ್ಟು ಏಳುನೂರೈವತ್ತಕ್ಕೆ ಮುನ್ನೂರ ಎಪ್ಪತ್ತು. ಸರಾಸರಿ ನಲವತ್ತೊಂಬತ್ತು ಪಾಯಿಂಟ್ ಮೂರು. ಐವತ್ತು ಮುಟ್ಟಲು ಐದು ಅಂಕ ಕಡಿಮೆ.

"ಆಸಿಡ್‌ನಲ್ಲಿ ಈ ತಪ್ಪು ನೀನು ಒಂದು ದಿನವೂ ಮಾಡ್ಲಿಲ್ಲ. ಮಾರ್ಕಿನಲ್ಲಿ ಮಾಡ್ದೆ ನೋಡು," ಎಂದು ನಾಗರಾಜು ಪಕ್ಕದ ಮೇಜಿಗೆ ಹೋದರು.

ಕ್ರಿಸ್‌ಮಸ್ ರಜೆಯಲ್ಲಿ ಕನ್ನಡವನ್ನು ಎಂಬತ್ತಕ್ಕೆ ಏರಿಸಬೇಕೆಂದು ಅವಳು ಮೊದಲೇ ಯೋಚಿಸಿಟ್ಟಿದ್ದಳು. ಅದು ಸುಲಭವಾಗಿ ಬರುತ್ತಿತ್ತು, ಓದಲು ಹಿತವೂ ಆಗಿತ್ತು.

ರಜೆಗೆ ಅವಳು ಬಂದಾಗ ಕರಿಕೆಯಲ್ಲಿ ಕಾಫಿ ಪಿಕ್ಕಿಂಗ್ ನಡೆಯುತ್ತಿತ್ತು. ಅವಳ ತಂದೆ ಬೊಳ್ಳಪ್ಪ ಕಣದಲ್ಲಿ ಹಣ್ಣು ಹರವುತ್ತಿದ್ದ. ಅವನಿಗೆ ಸರಾಸರಿಯ ವಿಷಯ ಹೇಳುವುದು ಕಷ್ಟವಾಗಲಿಲ್ಲ. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಬೆಳೆ ಸೇರುವ ಒಟ್ಟು ರಾಶಿಗೆ, ಕೊಡಬೇಕಾಗಿದ್ದ ಕಾಲ ಅದು. ಒಂದೊಂದು ದರ್ಜೆಯ ಬೀಜಕ್ಕೂ ಇಷ್ಟು ಪಾಯಿಂಟು ಎಂದಿತ್ತು. ಪಾಯಿಂಟನ್ನು ತೂಕದಿಂದ ಗುಣಿಸಿದಷ್ಟಕ್ಕೆ ಹಣ. ದುಂಡನೆಯ ಪೀಬೆರಿಗೆ ಪಾಯಿಂಟು ಹೆಚ್ಚಾದರೂ ಬೆಳೆಯಲ್ಲಿ ಅದು ಸಿಗುವುದು ಸ್ವಲ್ಪ. ಕೆಟ್ಟು ಕಪ್ಪಾದ ಕರಿ ಬೀಜಕ್ಕೆ ಪಾಯಿಂಟು ತೀರ ಕಡಿಮೆ.

"ನಿನ್ನ ಕನ್ನಡ ಪೀಬೆರಿ," ಎಂದ ಬೊಳ್ಳಪ್ಪ, ಮನೆಮಾತಾದ ಅರೆಭಾಷೆಯಲ್ಲಿ. "ಇಂಗ್ಲಿಷ್ ಕರಿ ಬೀಜ. ಹೌದಾ?"

"ಹೌದಪ್ಪ. ಕನ್ನಡ ಒಂದೇ ಮೂಟೆ, ಅದು ಎರಡು ಮೂಟೆ ಉಟ್ಟು."

"ಹಂಗಾರೆ ಎಂತಕೆ ಮಂಡೆಬಿಸಿ? ಕರಿ ಬೀಜ ಹೆಕ್ಕಿ ಬಿಸಾಡ್. ಉಳ್ದದೆಲ್ಲ ಒಳ್ಳೆದೇ ಅಲಾ?"

ಪೊನ್ನಮ್ಮ ಲೆಕ್ಕ ಹಾಕಿ ನೋಡಿದಳು. ಇಂಗ್ಲಿಷ್ ತೆಗೆದರೆ ಐವತ್ತಮೂರೂವರೆ ಬರುತ್ತಿತ್ತು.

"ಬಿಸಾಡಿಕೆ ಆಕಿಲ್ಲೆ. ಪೂಲಿಗೆ ಕರಿ ಬೀಜನೂ ಕೊಡೊಕಲಾ? ಹಂಗೆ."

"ಆ ಬೋರ್ಡ್‌ನ ಕಾಟ ಕಾಲೇಜಿಲೂ ಉಟ್ಟಾ!" ಎಂದು ಬೊಳ್ಳಪ್ಪ ನಕ್ಕ.

ಬಿಸಾಡಲು ಆಗದಿದ್ದರೆ ಸರಿಪಡಿಸಬೇಕು. ಕನ್ನಡವನ್ನು ಶೇಕಡಾ ಹತ್ತು ಏರಿಸಿದರೆ ಸಿಗುವುದು ಹತ್ತು ಅಂಕ. ಇಂಗ್ಲಿಷನ್ನು ಅಷ್ಟೇ ಏರಿಸಿದರೆ ಇಪ್ಪತ್ತು. ಎಪ್ಪತ್ತೆರಡರ ಮೇಲೆ ಹತ್ತುವುದಕ್ಕಿಂತ ಮೂವತ್ತೆಂಟರ ಮೇಲೆ ಹತ್ತುವುದಕ್ಕೆ ಜಾಗವೂ ಹೆಚ್ಚು. ಅವಳು ಇಂಗ್ಲಿಷ್ ಉತ್ತರಪತ್ರಿಕೆಯನ್ನು ಮತ್ತೆ ಬಿಡಿಸಿ ನೋಡಿದಳು. ಅತಿ ಹೆಚ್ಚು ಅಂಕ ಹೋದದ್ದು ಸಾರಾಂಶ ಬರೆಯುವ ಪ್ರಶ್ನೆಯಲ್ಲಿ: ಮೂವತ್ತಕ್ಕೆ ಆರು. ಮೂರನೇ ಒಂದು ಭಾಗಕ್ಕೆ ಇಳಿಸಬೇಕಾದದ್ದನ್ನು ಅವಳು ಹೆಚ್ಚುಕಡಿಮೆ ಪೂರ್ತಿ ನಕಲು ಮಾಡಿದ್ದಳು.

ಮನೆಯಲ್ಲಿದ್ದ ಇಂಗ್ಲಿಷ್ ಬರಹವೆಂದರೆ ಬೋರ್ಡಿನ ಸುತ್ತೋಲೆಗಳು ಮಾತ್ರ. ಬೊಳ್ಳಪ್ಪ ಅವನ್ನು ಓದಲಾರ, ಬಿಸಾಡಲೂ ಹೆದರಿಕೆ. ಪೊನ್ನಮ್ಮ ದಿನಕ್ಕೊಂದನ್ನು ಕಣದ ಬದಿಗೆ ತಂದು ಇಂಗ್ಲಿಷಿನಲ್ಲೇ ಚಿಕ್ಕದು ಮಾಡಿ ಬರೆದಳು. ಬರೆದದ್ದನ್ನು ತಂದೆಗೆ ಅರೆಭಾಷೆಯಲ್ಲಿ ಹೇಳಿದಳು. ಮೊದಲನೆಯದು ಮೂಲಕ್ಕಿಂತ ಎರಡು ಸಾಲು ಉದ್ದವಾಯಿತು.

"ಎಂತ ಗೂಡೆ, ಬೆಂದ ಅಕ್ಕಿನಂಗೆ ಉಬ್ಬಿತಲ್ಲ!" ಎಂದು ಬೊಳ್ಳಪ್ಪ ಮಗಳನ್ನು ಛೇಡಿಸಿದ.

ಹತ್ತನೆಯದರ ಹೊತ್ತಿಗೆ ಬರಹ ಅರ್ಧಕ್ಕೆ ಇಳಿಯಿತು. ರಜೆ ಮುಗಿಯುವಾಗ ಮೂರನೇ ಒಂದು ಭಾಗಕ್ಕೆ ಬಂದಿತ್ತು. ಕನ್ನಡದ ಪುಸ್ತಕಗಳು ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಮಡಿಕೇರಿಗೆ ಮರಳಿದ ಮೇಲೂ ಅವಳು ಸಂಜೆಯ ಹೊತ್ತನ್ನು ಇಂಗ್ಲಿಷಿಗೇ ಕೊಟ್ಟಳು.

ಆಯ್ಕೆ ಪರೀಕ್ಷೆಯ ಅಂಕಗಳನ್ನು ಫೆಬ್ರವರಿ ಕೊನೆಯಲ್ಲಿ ತರಗತಿಯಲ್ಲಿ ಓದಿ ಹೇಳಿದರು. ಕನ್ನಡ ಅರವತ್ತನಾಲ್ಕಕ್ಕೆ ಇಳಿದಿತ್ತು. "ಏನಮ್ಮ, ರಜೆಯಲ್ಲಿ ಕನ್ನಡ ಮರೆತು ಬಂದೆಯಾ?" ಎಂದರು ಕನ್ನಡದ ಅಧ್ಯಾಪಕರು. ಹಿಂದಿನ ಬೆಂಚುಗಳಲ್ಲಿ ನಗು ಕೇಳಿಸಿತು. ಭೌತಶಾಸ್ತ್ರ, ಜೀವಶಾಸ್ತ್ರ ಇದ್ದಲ್ಲೇ ಇದ್ದವು: ಅರವತ್ತೊಂಬತ್ತು, ಎಪ್ಪತ್ತೈದು. ರಸಾಯನಶಾಸ್ತ್ರದಲ್ಲಿ ಎರಡು ಕಳೆದು ಎಪ್ಪತ್ತಾರು. ಇಂಗ್ಲಿಷ್ ತೊಂಬತ್ತನಾಲ್ಕು.

ಪೊನ್ನಮ್ಮ ಪ್ರಯೋಗಶಾಲೆಯ ಮೂಲೆಯ ಮೇಜಿಗೆ ಹೋಗಿ ಎರಡು ಲೆಕ್ಕ ಮಾಡಿದಳು. ಮೊದಲನೆಯದು ತನ್ನ ಹಳೆಯ ಲೆಕ್ಕ. ಐದು ಶೇಕಡಾಗಳನ್ನು ಕೂಡಿಸಿ ಐದರಿಂದ ಭಾಗಿಸಿದಾಗ ಐವತ್ತೊಂದೂವರೆ ಬಂತು. ಆ ಪ್ರಕಾರ ಡಿಸೆಂಬರಿಗಿಂತ ಅವಳು ಕೂದಲೆಳೆಯಷ್ಟು ಕೆಳಗಿಳಿದಿದ್ದಳು.

ನಾಗರಾಜು ಹಿಂದಿನಿಂದ ಬಂದು ನಿಂತರು. "ಅದನ್ಯಾಕೆ ಇನ್ನೂ ಮಾಡ್ತಿದ್ದೀಯ?"

"ಎಷ್ಟು ತಪ್ಪುತ್ತದೆ ಅಂತ ನೋಡ್ತಿದ್ದೆ, ಸಾರ್."

"ಸರಿಯಾದ್ದು ಮಾಡು."

ಅವಳು ಅಂಕಗಳನ್ನು ಹಾಗೇ ಕೂಡಿಸಿದಳು. ಏಳುನೂರೈವತ್ತಕ್ಕೆ ಮುನ್ನೂರ ಎಪ್ಪತ್ತೆಂಟು. ಒಮ್ಮೆ ಮೇಲಿನಿಂದ, ಇನ್ನೊಮ್ಮೆ ಕೆಳಗಿನಿಂದ ಕೂಡಿಸಿ ನೋಡಿ, ಭಾಗಿಸಿದಳು.

ಸರಾಸರಿ ಶೇಕಡಾ 50.4.