ಒಂಬತ್ತು ಬಾರದ ಆಂಟೆನಾ

ಇರಾಯ್ದಾಳ ಮನೆಯಲ್ಲಿ ಒಂಬತ್ತನೆಯ ಚಾನೆಲ್ ಬರುತ್ತಿರಲಿಲ್ಲ. ಎರಡು ಬರುತ್ತಿತ್ತು, ನಾಲ್ಕು ಬರುತ್ತಿತ್ತು, ಬೈಬಲ್ ಹಿಡಿದು ಬೆವರುತ್ತ ಕೂಗುವವನೊಬ್ಬ ಹೊತ್ತುಗೊತ್ತಿಲ್ಲದೆ ಬರುತ್ತಿದ್ದ. ಒಂಬತ್ತು ಮಾತ್ರ ಇಲ್ಲ. ಇಷ್ಟನ್ನು ಹೇಳಿ ಅವಳು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಆಂಟೆನಾವನ್ನು ಫೆಲೋನ ಅಂಗಡಿಯ ಕಟ್ಟೆಯ ಮೇಲೆ ಬಿಚ್ಚಿಟ್ಟಳು.

ಫೆಲೋ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು ತಿರುಗಿಸಿ ನೋಡಿದ. ರಟ್ಟಿನಷ್ಟು ತೆಳುವಾದ ಕಪ್ಪು ಹಾಳೆ, ಕಿಟಕಿಯ ಗಾಜಿಗೆ ಅಂಟಿಸುವಂಥದ್ದು. ಮೂಲೆಯಲ್ಲಿ ಅವನ ಅಂಗಡಿಯದೇ ಚೀಟಿ ಇತ್ತು.

"ಇದಕ್ಕೇನೂ ಆಗಿಲ್ಲ, ದೊನ್ಯಾ ಇರಾಯ್ದಾ. ನಿಮ್ಮ ಬೆಟ್ಟಕ್ಕೆ ಇದು ಆಗಲ್ಲ, ಅಷ್ಟೇ. ಯಾರು ತಂದ್ಕೊಟ್ರು?"

"ನಮ್ಮ ಕೊಂಪಾದ್ರೆ. ಎರಾಸ್ಮೋ."

"ಹೌದಲ್ಲ, ಅವರೇ ತಗೊಂಡೋಗಿದ್ದು. ನಾನು ಆವತ್ತೇ ಹೇಳ್ದೆ, ಇದ್ರಲ್ಲಿ ಒಂಬತ್ತು ಬರಲ್ಲ ಅಂತ. ಎರಡೆರಡು ಸಲ ಕೇಳಿದ್ರು, ಖಂಡಿತ ಬರಲ್ವಾ, ಖಂಡಿತ ಬರಲ್ವಾ ಅಂತ. ಬರಲ್ಲ ಮಾರಾಯ್ರೇ ಅಂದೆ. ಸರಿ, ಇದನ್ನೇ ಕಟ್ಟು ಅಂದ್ರು."

"ಮರ್ತಿರ್ತಾರೆ."

"ಮರ್ತಿರ್ತಾರೆ. ಈಗ ಟೀವಿಯೋರಲ್ವಾ ಅವರು. ನಮ್ಮಂಥೋರ ಮಾತು ಎಲ್ಲಿ ನೆನಪಿರುತ್ತೆ."

ಇರಾಯ್ದಾ ನಕ್ಕಳು. ಕೊಂಪಾದ್ರೆಯನ್ನು ಯಾರಾದರೂ ಟೀವಿಯವರು ಎಂದರೆ ಅವಳಿಗೆ ಒಳಗೊಳಗೇ ಖುಷಿ. ದ್ವೀಪದ ದಕ್ಷಿಣದ ಪಟ್ಟಣ ಪೋನ್ಸೆಯಿಂದ ಬರುವ ಆ ಒಂಬತ್ತನೆಯ ಚಾನೆಲ್ಲಿನಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಪದ ಹಾಡುವವರ ಕಾರ್ಯಕ್ರಮವಿತ್ತು. ಹತ್ತು ಸಾಲಿನ ಪದ, ಬಿಗಿಯಾದ ಪ್ರಾಸ, ಹಿಂದೆ ಪುಟ್ಟ ಗಿಟಾರಿನಂಥ ಕ್ವಾತ್ರೋದ ತಂತಿ. ಮೂರು ತಿಂಗಳಿಂದ ಎರಾಸ್ಮೋ ಅದರಲ್ಲಿ ಹಾಡುತ್ತಿದ್ದ. ಪೇಟೆಯಲ್ಲಿ ಎಲ್ಲರೂ ನೋಡಿದ್ದರು. ಇರಾಯ್ದಾಳ ಗುಡ್ಡದ ಓಣಿಗೆ ಮಾತ್ರ, ಚಂಡಮಾರುತ ಕಂಬಗಳನ್ನು ಉರುಳಿಸಿದ ಮೇಲೆ, ಕೇಬಲ್ಲಿನವರು ತಿರುಗಿ ಬಂದಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಜೊತೆಗೆ ಕೆಲಸ ಮಾಡುವವರು ಸೋಮವಾರ ಬಂದು ನಿಮ್ಮ ಕೊಂಪಾದ್ರೆ ಎಷ್ಟು ಚೆನ್ನಾಗಿ ಹಾಡಿದ್ರು ಎನ್ನುತ್ತಿದ್ದರು. ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು. ಸೆವೆರೋನ ಹೆಸರು ಹೇಳಿದ್ರಾ? ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೇಳಿರಬಹುದು, ನಾವು ಗಮನಿಸಲಿಲ್ಲ ಎನ್ನುತ್ತಿದ್ದರು.

ಸೆವೆರೋ ಅವಳ ಗಂಡ. ಸತ್ತು ನಾಲ್ಕು ವರ್ಷವಾಗಿತ್ತು. ಮೂವತ್ತು ವರ್ಷ ಸೆವೆರೋ ಪದ ಕಟ್ಟಿದ, ಎರಾಸ್ಮೋ ಹಾಡಿದ. ಸೆವೆರೋನ ಗಂಟಲು ಕಾಗೆಯದು, ಅದು ಅವನಿಗೂ ಗೊತ್ತಿತ್ತು. ಕ್ರಿಸ್‌ಮಸ್ಸಿನಲ್ಲಿ ಮನೆ ಮನೆಗೆ ಹೋದಾಗ ಎರಾಸ್ಮೋ ಹಾಡು ಮುಗಿಸಿ, ಹಾಡಿದ್ದು ನಾನು, ಕಟ್ಟಿದ್ದು ಇವನು ಎಂದು ಸೆವೆರೋನ ಭುಜ ತಟ್ಟುತ್ತಿದ್ದ. ಚಂಡಮಾರುತಕ್ಕೆ ಮನೆಯ ತಗಡು ಹಾರಿ ಹೋದ ಮೂರನೆಯ ದಿನ, ಸರಕಾರದವರಿಗಿಂತ ಮೊದಲು ಬಂದವನು ಎರಾಸ್ಮೋನೇ. ಒದ್ದೆಯಾಗಿದ್ದ ಸೆವೆರೋನ ನೋಟುಪುಸ್ತಕಗಳನ್ನು ದಿಂಬಿನ ಚೀಲಕ್ಕೆ ತುಂಬಿಕೊಂಡು ಹೋದ. ಒಣಗಿಸಿ, ಟೈಪು ಮಾಡಿಸಿ, ಸೆವೆರೋನ ಹೆಸರಲ್ಲಿ ಪುಸ್ತಕ ಮಾಡಿಸುತ್ತೇನೆ ಎಂದಿದ್ದ. ಹದಿನಾಲ್ಕು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಟೈಪು ನಡೀತಿದೆ ಎನ್ನುತ್ತಿದ್ದ. ಇರಾಯ್ದಾ ಅನುಮಾನಪಟ್ಟಿರಲಿಲ್ಲ. ಪುಸ್ತಕ ಬರುವಾಗ ಬರಲಿ, ಅಷ್ಟರೊಳಗೆ ಟೀವಿಯಲ್ಲಿ ಸೆವೆರೋನ ಹೆಸರು ಒಂದು ಸಲ ಕಿವಿಗೆ ಬಿದ್ದರೆ ಸಾಕು ಎಂದುಕೊಂಡಿದ್ದಳು.

ಅನುಮಾನಪಡುವ ಸಂಬಂಧವೂ ಅದಲ್ಲ. ಇರಾಯ್ದಾಳಿಗೆ ಒಂದು ಹೆಣ್ಣುಮಗು ಹುಟ್ಟಿತ್ತು, ಮಾರಿಸೆಲ್. ಹೊಳೆ ತುಂಬಿ ಪಾದ್ರಿ ದಾಟಿ ಬರಲಾಗದ ದಿನ ಎರಾಸ್ಮೋ ಮಗುವನ್ನು ಎತ್ತಿಕೊಂಡು, ನೆತ್ತಿಗೆ ನೀರು ಹಾಕಿ, ಹೆಸರು ಹೇಳಿ ಜ್ಞಾನಪಿತನಾದ. ಮಗು ಆರು ದಿನ ಬದುಕಿತು. ಮಗುವಿನ ಹೆತ್ತವರೂ ಜ್ಞಾನಪಿತನೂ ಕೊಂಪಾದ್ರೆ, ಕೊಮಾದ್ರೆ ಎಂದು ಒಬ್ಬರನ್ನೊಬ್ಬರು ಕರೆಯುವುದು ಮಾತ್ರ ಉಳಿಯಿತು. ಆ ಗುಡ್ಡದಲ್ಲಿ ಅಣ್ಣತಮ್ಮಂದಿರು ಜಗಳವಾಡಿ ಮಾತು ಬಿಡಬಹುದು, ಕೊಂಪಾದ್ರೆಗಳು ಬಿಡುವಂತಿಲ್ಲ.

ಫೆಲೋ ಮೂರು ಆಂಟೆನಾ ತಂದು ಸಾಲಾಗಿ ಇಟ್ಟ.

"ಇದು ನಿಮ್ಮ ಹತ್ರ ಇರೋದೇ, ಬಣ್ಣ ಬೇರೆ. ಇದಕ್ಕೆ ಕರೆಂಟಿನ ಡಬ್ಬಿ ಇದೆ, ಇಪ್ಪತ್ತೆಂಟು ಡಾಲರ್. ಬರೋ ಸಿಗ್ನಲ್ನ ಜೋರು ಮಾಡುತ್ತೆ. ಬರದೇ ಇರೋದನ್ನ ಅದರಪ್ಪ ಬಂದ್ರೂ ತರಲ್ಲ."

"ಮತ್ತೆ ಯಾಕೆ ಮಾರ್ತೀರಿ?"

"ಜನ ಡಬ್ಬಿ ನೋಡಿ ತಗೋತಾರೆ. ಹಸಿರು ದೀಪ ಉರಿಯುತ್ತಲ್ಲ." ಅವನು ಮೂರನೆಯದನ್ನು ಮುಂದೆ ತಳ್ಳಿದ. ಬುಡದಲ್ಲಿ ಒಂದು ಬಳೆ, ಎಳೆದರೆ ಉದ್ದವಾಗುವ ಎರಡು ಕಡ್ಡಿ. "ಒಂಬತ್ತರದ್ದು ಉದ್ದ ಅಲೆ. ಅದಕ್ಕೆ ಉದ್ದ ಕಡ್ಡೀನೇ ಬೇಕು. ಮಿಕ್ಕಿದ್ದನ್ನ ಬಳೆ ಹಿಡಿಯುತ್ತೆ."

"ಇದು ನಮ್ಮಮ್ಮನ ಮನೇಲಿತ್ತಲ್ಲ. ಇದರ ತುದೀಗೆ ಬೆಳ್ಳಿ ಕಾಗದ ಸುತ್ತುತಿದ್ವಿ."

"ಕಾಗದ ಬೇಡ. ದಕ್ಷಿಣದ ಕಿಟಕಿ ಕಡೆ ಇಟ್ಟು ಕಡ್ಡಿ ಅಡ್ಡ ಮಲಗಿಸಿ. ಆಮೇಲೆ ಟೀವಿಗೆ ಚಾನೆಲ್ ಹೊಸದಾಗಿ ಹುಡುಕೋಕೆ ಹೇಳಿ. ಅದನ್ನ ಮಾಡ್ದೆ ನನ್ನ ಬೈಕೊಂಡು ಬರ್ಬೇಡಿ."

ಭಾನುವಾರ ಮೂರೂವರೆಗೆ ಪಕ್ಕದ ಮನೆಯ ಮೊನ್ಸಿ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕರಿದ ಬಾಳೆಕಾಯಿ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಶಾಲೆಯಲ್ಲಿ ಫೇಲಾದವರು.

"ಇದೇನೇ ಇದು, ಮಿಡತೆ ಹಿಡ್ಕೊಂಡು ಬಂದಿದೀಯ?"

"ಬಾಯಿ ಮುಚ್ಕೊಂಡು ಇದನ್ನ ಹಿಡ್ಕೊ."

ಮೊನ್ಸಿ ಆಂಟೆನಾ ಹಿಡಿದು ಕೋಣೆಯ ತುಂಬ ಓಡಾಡಿದಳು. ಕಿಟಕಿಯ ಬಳಿ ಚಿತ್ರ ಚೌಕ ಚೌಕವಾಗಿ ಒಡೆಯಿತು. ಟೀವಿಯ ಮೇಲೆ ಇಟ್ಟರೆ ಏನೂ ಇಲ್ಲ. ಮದುವೆ ಕೂಡಿಸುವ ಸಂತ ಅಂತೋನಿಯ ಪ್ರತಿಮೆಯ ಪಕ್ಕದಲ್ಲಿ ಇಟ್ಟಾಗ ದನಿ ಬಂತು, ಚಿತ್ರ ಬರಲಿಲ್ಲ.

"ಸಂತ ಅರ್ಧ ಕೆಲಸ ಮಾಡಿದಾನೆ ನೋಡು. ನನ್ನ ಮದುವೇಲೂ ಹಿಂಗೇ ಮಾಡಿದ್ದ," ಎಂದಳು ಮೊನ್ಸಿ.

ಕೊನೆಗೆ ಫ್ರಿಜ್ಜಿನ ಮೇಲೆ, ಅಕ್ಕಿ ಡಬ್ಬದ ಪಕ್ಕದಲ್ಲಿ ಕೂತಿತು. ಕಡ್ಡಿಗಳನ್ನು ಎರಡೂ ಪಕ್ಕಕ್ಕೆ ಮಲಗಿಸಿದ ಕೂಡಲೇ ಒಂಬತ್ತು ಬಂತು. ಕನ್ನಡಿಯ ಹಾಗೆ ಸ್ವಚ್ಛವಾಗಿ ಬಂತು. ಅಡ್ಡವಿದ್ದ ಬೆಟ್ಟ ಎಲ್ಲಿತ್ತೋ ಅಲ್ಲೇ ಇತ್ತು.

ಹಾಡುವವರಲ್ಲಿ ಎರಾಸ್ಮೋ ಮೂರನೆಯವನಾಗಿ ತೆರೆಯ ಮೇಲೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹುಲ್ಲಿನ ಟೋಪಿ. ಹಲ್ಲು ಹೊಸದಾಗಿ ಕಟ್ಟಿಸಿಕೊಂಡಿದ್ದ. ಇರಾಯ್ದಾ ಅಡುಗೆಮನೆಯ ಕುರ್ಚಿಯನ್ನು ಟೀವಿಯ ಹತ್ತಿರ ಎಳೆದುಕೊಂಡಳು. ನಿರೂಪಕ ಎರಾಸ್ಮೋನ ಹೆಗಲಿನ ಮೇಲೆ ಕೈ ಇಟ್ಟು, ಈ ದಿನದ ಪದ ಬೇರೆ ಥರದ್ದು, ಇದನ್ನು ಇವರು ತಾವು ಕಳೆದುಕೊಂಡ ಮಗಳಿಗಾಗಿ ಕಟ್ಟಿದ್ದು, ಇಷ್ಟು ವರ್ಷ ಯಾರ ಮುಂದೆಯೂ ಹಾಡಿರಲಿಲ್ಲ ಎಂದ. ಎರಾಸ್ಮೋ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಕೊಂಪಾದ್ರೆಗೆ ಮಗಳಿದ್ಲಾ?" ಮೊನ್ಸಿ ಕೇಳಿದಳು. "ಎರಡೂ ಗಂಡಲ್ವಾ?"

ಕ್ವಾತ್ರೋ ನಾಲ್ಕು ಸಲ ಸುತ್ತಿ ಬಂದು ನಿಂತಿತು. ಮೊದಲ ಸಾಲಿನ ಕೊನೆಯಲ್ಲೇ ಹೆಸರಿತ್ತು. ಮಾರಿಸೆಲ್. ಆ ಹೆಸರಿನ ಪ್ರಾಸಕ್ಕೆ ಇನ್ನೆರಡು ಸಾಲು ಕಟ್ಟುಬಿದ್ದಿದ್ದವು. ಹೆಸರು ತೆಗೆದರೆ ಮೂರೂ ಸಾಲು ಬೀಳುತ್ತವೆ, ಬೇರೆ ಕೂರಿಸಲು ಪದ ಕಟ್ಟುವವನೇ ಬೇಕು. ಎರಾಸ್ಮೋ ಹಾಡುವವನು. ಹೆಸರನ್ನು ಹಾಗೆಯೇ ಬಿಟ್ಟಿದ್ದ.

ಆರು ಬೆಳಗು ಕಂಡವಳೇ, ಏಳನೆಯದನ್ನು ನನ್ನೊಬ್ಬನಿಗೆ ಬಿಟ್ಟು ಹೋದೆ, ನಾನದನ್ನು ಏನು ಮಾಡಲಿ ಎಂದು ಪದ ಕೇಳುತ್ತಿತ್ತು. ಇರಾಯ್ದಾ ಅದನ್ನು ಒಂದೇ ಸಲ ಕೇಳಿದ್ದಳು. ಮಗುವನ್ನು ಹೂಳಿ ಬಂದ ಮಧ್ಯಾಹ್ನ ಸೆವೆರೋ ಬಾವಿಯ ಕಟ್ಟೆಯ ಮೇಲೆ ಕೂತು ತನ್ನ ಕಾಗೆಯ ಗಂಟಲಿನಲ್ಲಿ ಓದಿ ಹೇಳಿ, ಇದು ಹಾಡೋಕಲ್ಲ ಎಂದು ನೋಟುಪುಸ್ತಕ ಮುಚ್ಚಿದ್ದ. ಮೂವತ್ತು ವರ್ಷದಲ್ಲಿ ಎರಾಸ್ಮೋನಿಗೆ ಕೊಡದ ಪದ ಅದೊಂದೇ.

ಟೀವಿಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಒಬ್ಬಳು ಕಣ್ಣು ಒರೆಸಿಕೊಂಡಳು. ಎರಾಸ್ಮೋನೂ ಒರೆಸಿಕೊಂಡ.

ಮೊನ್ಸಿ ತಟ್ಟೆಯನ್ನು ಮಡಿಲಿನಿಂದ ಕೆಳಗಿಟ್ಟಳು. "ಆರಿಸ್ಲೇನೇ?" ಎಂದಳು.

"ಬೇಡ. ಹೆಸರು ಹೇಳ್ತಾರೇನೋ ನೋಡೋಣ."

ಕಾರ್ಯಕ್ರಮ ಮುಗಿಯುವವರೆಗೂ ನೋಡಿದರು. ಹೇಳಲಿಲ್ಲ.

ಮಂಗಳವಾರ ಎರಾಸ್ಮೋ ಎಂದಿನಂತೆ ಬ್ರೆಡ್ಡು ಹಿಡಿದುಕೊಂಡು ಬಂದ. ಹೊಸ್ತಿಲಲ್ಲಿ ಬೂಟು ಒರೆಸುತ್ತ, "ಕಾಫಿ ಇದೆಯಾ ಕೊಮಾದ್ರೆ, ಇಲ್ಲ ನಾನೇ ಮಾಡ್ಲಾ?" ಎಂದ. ಆಮೇಲೆ ಅವನ ಕಣ್ಣು ಫ್ರಿಜ್ಜಿನ ಮೇಲೆ ಹೋಯಿತು. ಬೂಟು ಒರೆಸುವುದು ನಿಂತಿತು.

"ಆಂಟೆನಾ ಬದಲಾಯ್ಸಿದೀರಿ."

"ಬದಲಾಯ್ಸಿದೆ. ಒಂಬತ್ತು ಚೆನ್ನಾಗಿ ಬರುತ್ತೆ. ಫೆಲೋ ನಿಮಗೂ ಹೇಳಿದ್ನಂತೆ."

ಅವನು ಕೂತ. ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಅದರ ಕಾಗದದ ಚೀಲದ ಬಾಯಿ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ನೀವು ನೋಡಿದ್ರೆ ನೋಯುತ್ತೆ ಅಂತ ಹಂಗೆ ಮಾಡ್ದೆ."

"ನನಗೆ ನೋಯುತ್ತೆ ಅಂತ."

"ಕೊಮಾದ್ರೆ, ಟೀವಿಯೋರು ಮೊದಲು ಕೇಳೋದೇ ನಿಮ್ಮ ಸ್ವಂತದ್ದಾ ಅಂತ. ಬೇರೆಯೋರದ್ದು ಅಂದ್ರೆ ಬಾಗಿಲು ತೋರಿಸ್ತಾರೆ. ಒಂದು ಸಲ ಹೌದು ಅಂದ್ಬಿಟ್ಟೆ. ಆಮೇಲೆ ಪ್ರತಿ ವಾರ ಹೌದು ಅನ್ನಬೇಕಾಯ್ತು. ಸೆವೆರೋನ ಪದ ಪೆಟ್ಟಿಗೇಲಿ ಕೊಳೀತಾ ಬಿದ್ದಿತ್ತು. ಈಗ ಇಡೀ ದ್ವೀಪ ಕೇಳ್ತಿದೆ."

"ಯಾರ ಪದ ಅಂತ ಕೇಳ್ತಿದೆ?"

ಅವನು ಬ್ರೆಡ್ಡಿನ ಚೀಲವನ್ನು ಮೇಜಿನ ಆ ಬದಿಗೆ ಸರಿಸಿದ.

"ಬೇರೆದೆಲ್ಲ ಹಾಡ್ಕೊಳ್ಳಿ. ಮಗುವಿನದ್ದು ಯಾಕೆ ಹಾಡಿದ್ರಿ?"

"ಅವಳನ್ನ ನಾನೂ ಎತ್ಕೊಂಡಿದೀನಿ. ನೀರು ಹಾಕಿದ್ದು ನಾನು. ಹೆಸರು ಮೊದಲು ಬಂದಿದ್ದು ನನ್ನ ಬಾಯಿಂದ. ನನಗೂ ಮಗಳೇ ಅವಳು."

"ನೀರು ಹಾಕೋಕೆ ಎಷ್ಟು ಹೊತ್ತು ಬೇಕು, ಅಷ್ಟು ಹೊತ್ತು ಮಗಳು," ಎಂದಳು ಇರಾಯ್ದಾ. ದನಿ ಏರಿಸಲಿಲ್ಲ. ಶಾಲೆಯಲ್ಲಿ ಎರಡನೆಯ ಸಲ ಅನ್ನ ಕೇಳಲು ಬಂದವರಿಗೆ ಮುಗಿದಿದೆ ಎಂದು ಹೇಳುವ ದನಿಯೇ ಅದು. "ನೋಟುಪುಸ್ತಕ ನಾಳೆ ತಂದ್ಕೊಡಿ."

ಎರಾಸ್ಮೋ ಟೋಪಿಯ ಅಂಚನ್ನು ಬೆರಳಲ್ಲಿ ಒಂದು ಸುತ್ತು ಸವರಿದ.

"ಎಲ್ಲಾ ಬೂಸ್ಟು ಹಿಡಿದಿತ್ತು. ಮನೇಲಿ ಮೊಮ್ಮಗನಿಗೆ ಉಬ್ಬಸ, ನಿಮಗೆ ಗೊತ್ತಲ್ಲ. ಓದೋಕೆ ಆಗಿದ್ದನ್ನ ನಾನು ಬರ್ಕೊಂಡೆ."

"ನಿಮ್ಮ ಕೈಬರಹದಲ್ಲಿ."

"ಮತ್ತಿನ್ಯಾರ ಕೈಬರಹದಲ್ಲಿ ಬರೀಲಿ?"

"ಸೆವೆರೋನ ಪುಸ್ತಕಗಳು?"

"ಸುಟ್ಟೆ."

"ಯಾವಾಗ?"

"ಆವಾಗಲೇ. ತಗೊಂಡೋದ ವಾರದಲ್ಲೇ."

ಹದಿನಾಲ್ಕು ತಿಂಗಳು ಟೈಪು ನಡೀತಿದೆ ಎಂದದ್ದನ್ನು ಇರಾಯ್ದಾ ಎತ್ತಿ ಆಡಲಿಲ್ಲ. ಎದ್ದು ಹೋಗಿ ಬಾಗಿಲು ತೆರೆದು ಹಿಡಿದುಕೊಂಡು ನಿಂತಳು. "ಬ್ರೆಡ್ಡು ತಗೊಂಡೋಗಿ, ಎರಾಸ್ಮೋ," ಎಂದಳು. ಮೂವತ್ತಮೂರು ವರ್ಷದಲ್ಲಿ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನಿಗೂ ಅದು ತಿಳಿಯಿತು. ಬ್ರೆಡ್ಡಿನ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಮೊನ್ಸಿ ಚಾನೆಲ್ಲಿಗೆ ಕಾಗದ ಬರೆಯೋಣ ಎಂದಳು. ಏನಂತ ಬರೆಯುವುದು? ತೋರಿಸಲು ಸೆವೆರೋನ ಅಕ್ಷರವಿದ್ದ ಒಂದು ಹಾಳೆಯೂ ಮನೆಯಲ್ಲಿರಲಿಲ್ಲ. ಎರಾಸ್ಮೋನ ಬಳಿ ಅವನದೇ ಕೈಬರಹದ ಪುಸ್ತಕವಿತ್ತು. ಕೇಳಿದವರು ಯಾರನ್ನು ನಂಬುತ್ತಾರೆ ಎಂಬುದು ಮೊನ್ಸಿಗೂ ಗೊತ್ತಿತ್ತು.

ಮರುದಿನ ಇರಾಯ್ದಾ ಶಾಲೆಯಿಂದ ಗೆರೆ ಹಾಕಿದ ಒಂದು ನೋಟುಪುಸ್ತಕ ತಂದಳು. ಅಡುಗೆಮನೆಯ ಮೇಜನ್ನು ಒರೆಸಿ, ನೆನಪಿದ್ದದ್ದನ್ನು ಬರೆಯತೊಡಗಿದಳು. ಕೆಲವಕ್ಕೆ ರಾಗ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಆಗ ಪೆನ್ನು ಕೆಳಗಿಟ್ಟು ಬೆರಳಿನಿಂದ ಮೇಜು ಬಡಿಯುತ್ತಿದ್ದಳು. ಮೂರು ದಿನ ಕೂತಳು. ಮಾರಿಸೆಲ್‌ಳ ಪದವನ್ನು ಬರೆಯಲು ಹೋಗಿ ಒಂದು ಸಾಲಿನಲ್ಲಿ ನಿಲ್ಲಿಸಿದಳು. ಕಿವಿಯಲ್ಲಿ ಎರಾಸ್ಮೋನ ದನಿ ಬರುತ್ತಿತ್ತು.

ಏಳು ನೋಟುಪುಸ್ತಕಗಳಿದ್ದವು. ಸೆವೆರೋ ಪ್ರತಿ ಪದಕ್ಕೂ ಅಂಕೆ ಹಾಕುತ್ತಿದ್ದ. ಕೊನೆಯ ಅಂಕೆ ಮುನ್ನೂರ ಹನ್ನೆರಡು. ಅವಳ ನೆನಪಿಗೆ ಸಿಕ್ಕಿದ್ದು ನಾಲ್ಕು ಪದ, ಅದರಲ್ಲೊಂದಕ್ಕೆ ಎರಡು ಸಾಲು ಇರಲಿಲ್ಲ.