ಗದ್ದದ ಗುಟ್ಟು

ಸೊಸೆ ನೀರು ಸರಬರಾಜು ಕಚೇರಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದ ದಿನ ಅತ್ತೆ ಊಟ ಮಾಡಲಿಲ್ಲ. ಮಾಡಲಿಲ್ಲ ಎಂದರೆ ಎಲ್ಲರೆದುರು ಮಾಡಲಿಲ್ಲ, ಅಷ್ಟೆ. ಮನೆಯಲ್ಲಿ ಯಾರೂ ಇಲ್ಲದಾಗ ಹೊಟ್ಟೆ ತುಂಬ ತಿಂದು, ತಟ್ಟೆ ತೊಳೆದಿಟ್ಟು, ಮತ್ತೆ ಮುಖ ಊದಿಸಿಕೊಂಡು ಕುಳಿತರು. ಹನ್ನೊಂದು ವರ್ಷದ ಕಾಯಂ ಕೆಲಸ. ಅದನ್ನು ಬಿಟ್ಟು ಮನೆಯ ಮುಂಕೋಣೆಯಲ್ಲಿ ಬ್ಯೂಟಿ ಪಾರ್ಲರ್ ಇಡುತ್ತೇನೆ ಎನ್ನುವವಳಿಗೆ ಏನು ಹೇಳುವುದು?

"ಕಂಡವರ ಹುಬ್ಬು ಕೀಳೋಕೆ ಆಫೀಸು ಬಿಟ್ಲಂತೆ," ಎಂದು ಮಗನ ಮುಂದೆ ಮೂಗು ಮುರಿದರು.

ಮಗ ಆಗಲೇ ಹೆಂಡತಿಯ ಪಕ್ಷ ಸೇರಿಯಾಗಿತ್ತು. ದಾರದಲ್ಲಿ ಕೂದಲು ತೆಗೆಯುವುದನ್ನು ಅವಳು ರೂಢಿಮಾಡಿಕೊಂಡದ್ದೇ ಅವನ ಎಡಗಾಲಿನ ಮೇಲೆ. ಬಲಗಾಲು ಕರಡಿಯದು, ಎಡಗಾಲು ಎಳೆಗೂಸಿನದು ಎಂಬಂತೆ ಮೂರು ತಿಂಗಳು ಚಡ್ಡಿ ಹಾಕಿಕೊಂಡು ಮನೆ ತುಂಬ ಓಡಾಡಿದ ಮಹಾನುಭಾವ. ಅವನಿಂದ ಅತ್ತೆಗೆ ಯಾವ ಸಹಾಯವೂ ಸಿಗುವ ಹಾಗಿರಲಿಲ್ಲ.

ಸೊಸೆ ಕಾರಣವನ್ನು ಒಂದೇ ಸಲ ಹೇಳಿದಳು. "ಹನ್ನೊಂದು ವರ್ಷ ಆ ಕಿಟಕಿ ಹಿಂದೆ ಕೂತು ಬಂದವರ ಅರ್ಜಿಯಲ್ಲಿ ತಪ್ಪು ಹುಡುಕಿದೀನಿ ಅತ್ತೆ. ಇಲ್ಲಿ ಸಹಿ ಇಲ್ಲ, ಅಲ್ಲಿ ತಾರೀಕು ಇಲ್ಲ, ನಾಳೆ ಬನ್ನಿ. ಒಬ್ಬರಾದ್ರೂ ನಗ್ತಾ ವಾಪಸ್ ಹೋಗಿದ್ದು ನೋಡ್ಲಿಲ್ಲ. ಸಾಕಾಗಿದೆ."

"ನಿನ್ನ ಆ ಕೋಣೆಗೆ ನಾನಂತೂ ಕಾಲಿಡಲ್ಲ," ಎಂದು ಅತ್ತೆ ಎದ್ದು ಹೋದರು.

ಈ ಸಿಟ್ಟಿಗೆ ಸಂಬಳದ ಚಿಂತೆ ಅರ್ಧ ಕಾರಣ. ಉಳಿದರ್ಧವನ್ನು ಅವರು ಯಾರಿಗೂ ಹೇಳುವಂತಿರಲಿಲ್ಲ. ಮೂವತ್ತು ದಾಟಿದಂದಿನಿಂದ ಅವರ ಗದ್ದದಲ್ಲಿ ಕೂದಲು ಬರುತ್ತಿತ್ತು. ಒಂದೆರಡಲ್ಲ, ಬಿಟ್ಟರೆ ಗಡ್ಡವೇ ಆದೀತು ಎನ್ನುವಷ್ಟು. ದಿನಾ ಎಲ್ಲರಿಗಿಂತ ಮೊದಲು ಎದ್ದು, ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಚಿಮಟದಿಂದ ಒಂದೊಂದನ್ನೇ ಕಿತ್ತು, ಮುಖ ತೊಳೆದು ಏನೂ ಆಗದವರಂತೆ ಹೊರಗೆ ಬರುವುದು ಮೂವತ್ತೈದು ವರ್ಷದಿಂದ ನಡೆದುಬಂದ ಪಾಡು. ಗಂಡನಿಗೆ ಕಣ್ಣು ಮುಚ್ಚುವವರೆಗೂ ಗೊತ್ತಾಗಲಿಲ್ಲ. ಮಗನಿಗೂ ಗೊತ್ತಿಲ್ಲ. ಈಗ ಅದೇ ಮನೆಯಲ್ಲಿ, ಅಡುಗೆಮನೆಯ ಗೋಡೆಯಾಚೆ, ಹೆಂಗಸರ ಮುಖವನ್ನು ಹತ್ತಿರದಿಂದ ನೋಡುವುದನ್ನೇ ಕಸುಬು ಮಾಡಿಕೊಂಡವಳು ಕೂರುತ್ತಾಳೆಂದರೆ ಗುಟ್ಟು ಎಷ್ಟು ದಿನ ಉಳಿದೀತು?

ಮುಂಕೋಣೆಗೆ ಒಂದು ಕುರ್ಚಿ, ಒಂದು ಕನ್ನಡಿ, ಒಂದು ದಪ್ಪ ಪರದೆ ಬಂದವು. ಹೊರಗೆ ಒಂದು ಬೆಂಚು. ಮೊದಲ ಎರಡು ವಾರ ಬೆಂಚಿನ ಮೇಲೆ ಬೀದಿಯ ಬೆಕ್ಕು ಮಲಗಿತ್ತು. ಸೊಸೆ ಮಾತ್ರ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ, ಕಚೇರಿಗೆ ಹೊರಟವಳಂತೆಯೇ ತಲೆ ಬಾಚಿ, ತೊಳೆದ ಟವೆಲ್ ಮಡಿಸಿಟ್ಟು, ಕಾಯುತ್ತ ಕೂರುತ್ತಿದ್ದಳು. ಆಮೇಲೆ ಒಬ್ಬಳು ಶಾಲೆಯ ಟೀಚರ್ ಬಂದಳು. ಅವಳ ಹಿಂದೆ ಅವಳ ತಂಗಿ, ತಂಗಿಯ ಹಿಂದೆ ತಂಗಿಯ ಅತ್ತಿಗೆ. ಬೆಕ್ಕು ಬೇರೆ ಜಾಗ ನೋಡಿಕೊಂಡಿತು.

ಅತ್ತೆ ತರಕಾರಿ ಹೆಚ್ಚುವ ನೆಪದಲ್ಲಿ ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದರು. ಸೊಸೆ ಎಲ್ಲಿ ಎಡವುತ್ತಾಳೆ ನೋಡೋಣ ಎಂಬ ಆಸೆ ಅವರಿಗಿತ್ತು, ಸುಳ್ಳೇಕೆ? ಒಂದು ದಿನ ಸೊಸೆಯ ಜೊತೆ ಪಾರ್ಲರ್ ಕೋರ್ಸ್ ಮಾಡಿದ ಗೆಳತಿಯೊಬ್ಬಳು ಬಂದು ಬುದ್ಧಿ ಹೇಳತೊಡಗಿದಳು.

"ಹೀಗಿದ್ರೆ ನೀನು ಬಾಗಿಲು ಮುಚ್ಕೋಬೇಕಾಗುತ್ತೆ. ಹುಬ್ಬಿಗೆ ಅಂತ ಬಂದವಳಿಗೆ, ಕಣ್ಣ ಕೆಳಗೆ ಎಷ್ಟು ಕಪ್ಪಾಗಿದೆ ಅನ್ನು. ತುಟಿ ಮೇಲೆ ಕೂದಲು ನೋಡ್ಕೊಂಡಿದೀರಾ ಅನ್ನು. ಮೇಡಂ ಅದನ್ನೇ ಅಲ್ವಾ ಹೇಳ್ಕೊಟ್ಟಿದ್ದು? ಮೂರು ತಪ್ಪು ತೋರಿಸಿದ್ರೆ ಮೂರು ಕೆಲಸ ಸಿಗುತ್ತೆ."

"ತಪ್ಪು ತೋರಿಸೋ ಕೆಲಸ ಬಿಟ್ಟೇ ಇಲ್ಲಿಗೆ ಬಂದಿರೋದು ಕಣೆ," ಎಂದಳು ಸೊಸೆ. "ಅವರು ಕೇಳಿದ್ದು ಮಾಡ್ತೀನಿ. ಕೇಳದೆ ಇದ್ದದ್ದು ನನ್ನ ಕಣ್ಣಿಗೆ ಕಾಣೋದೇ ಇಲ್ಲ."

ಅತ್ತೆಯ ಕೈಯಲ್ಲಿದ್ದ ಚಾಕು ನಿಂತಿತು. ಬೀದಿಯಲ್ಲಿ ಸಿಕ್ಕವರೆಲ್ಲ ದಪ್ಪಗಾಗಿದೀಯ, ಕಪ್ಪಗಾಗಿದೀಯ ಎಂದು ಪುಕ್ಕಟೆಯಾಗಿ ಹೇಳಿ ಹೋಗುವ ಕಾಲದಲ್ಲಿ, ಹೇಳಿದರೆ ಲಾಭವಾಗುವ ಜಾಗದಲ್ಲಿ ಕೂತು ಬಾಯಿ ಕಟ್ಟಿಕೊಳ್ಳುವುದು ಸಣ್ಣ ಮಾತಲ್ಲ. ಹುಡುಗಿಯ ಎದೆಗಾರಿಕೆ ಮೆಚ್ಚಬೇಕಾದ್ದೇ ಎಂದು ಅವರಿಗೆ ಮೊದಲ ಬಾರಿ ಅನ್ನಿಸಿತು. ಅನ್ನಿಸಿದ್ದನ್ನು ಹೊರಗೆ ತೋರಿಸಲು ಬಿಗುಮಾನ ಬಿಡಲಿಲ್ಲ.

ಅಷ್ಟರಲ್ಲಿ ಅವರದೇ ಕಷ್ಟ ಶುರುವಾಯಿತು. ಕಣ್ಣಿಗೆ ಪೊರೆ ಬಂದು ಕನ್ನಡಿ ಮಂಜಾಯಿತು, ಕೈ ನಡುಗತೊಡಗಿತು. ಬೆರಳಿಗೆ ಚುಚ್ಚುವ ಕೂದಲು ಚಿಮಟಕ್ಕೆ ಸಿಗುತ್ತಿರಲಿಲ್ಲ. ಅವರು ಸಂಜೆಯ ವಾಕಿಂಗ್ ಬಿಟ್ಟರು. ಮಾತಾಡುವಾಗ ಗದ್ದಕ್ಕೆ ಕೈ ಅಡ್ಡ ಹಿಡಿಯತೊಡಗಿದರು. ಹಲ್ಲುನೋವಾ ಎಂದು ಮಗ ಕೇಳಿದ್ದಕ್ಕೆ ಹೌದು ಎಂದು ಒಂದು ವಾರ ಮೆತ್ತಗಿನ ಊಟ ಮಾಡಬೇಕಾಗಿ ಬಂತು. ಅದರ ಮೇಲೆ ಅವರ ಅಕ್ಕನ ಫೋನು: ಆರು ವರ್ಷದ ಮೇಲೆ ಭಾನುವಾರ ಬರುತ್ತಿದ್ದಾಳೆ. ಈ ಅಕ್ಕನಿಗೆ ಒಂದು ಅಭ್ಯಾಸ. ತಂಗಿಗೆ ಅರವತ್ತೇಳಾದರೂ ಕಂಡ ಕೂಡಲೇ ಗದ್ದ ಹಿಡಿದು ಅಲ್ಲಾಡಿಸಿ "ಏನೇ ಪುಟ್ಟಿ" ಎನ್ನದೆ ಬಿಡುವವಳಲ್ಲ.

ಗುರುವಾರ ಬೆಳಗ್ಗೆ ಚಿಮಟ ಜಾರಿ ಚರ್ಮ ಕಿತ್ತು ರಕ್ತ ಬಂತು. ಅತ್ತೆ ಬಚ್ಚಲಿನ ಸ್ಟೂಲಿನ ಮೇಲೆ ಕೂತು ಅತ್ತರು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅವರು ಮುಂಕೋಣೆಯ ಹೊಸ್ತಿಲಲ್ಲಿ ನಿಂತರು. ಸೊಸೆ ತಲೆ ಎತ್ತಿ ನೋಡಿದಳು. ಕಾಲಿಡಲ್ಲ ಅಂದಿದ್ರಲ್ಲ ಎಂದು ಚುಚ್ಚುವ ಅವಕಾಶ ಕೈಗೆ ಬಂದಿತ್ತು. ಚುಚ್ಚಲಿಲ್ಲ.

"ಬನ್ನಿ ಅತ್ತೆ, ಕೂತ್ಕೊಳ್ಳಿ. ಏನು ಮಾಡ್ಲಿ?"

ಅತ್ತೆ ಕುರ್ಚಿಯಲ್ಲಿ ಕೂತು ಗದ್ದಕ್ಕೆ ಕೈ ಅಡ್ಡ ಇಟ್ಟುಕೊಂಡರು. "ಹುಬ್ಬು," ಎಂದರು. "ಹುಬ್ಬು ಸ್ವಲ್ಪ ಸರಿಮಾಡು."

ಸೊಸೆ ಪರದೆ ಎಳೆದು, ಪೌಡರ್ ಹಚ್ಚಿ, ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಗ್ಗಿದಳು. ಅವಳ ಮುಖ ಗೇಣು ದೂರದಲ್ಲಿತ್ತು. ಗದ್ದದ ಮೇಲಿಟ್ಟ ಕೈಯನ್ನು ಅತ್ತೆ ತೆಗೆಯಲಿಲ್ಲ, ಅವಳೂ ತೆಗೆಯಿರಿ ಎನ್ನಲಿಲ್ಲ. ಅರವತ್ತೇಳು ವರ್ಷ ಯಾರೂ ಮುಟ್ಟದ ಹುಬ್ಬನ್ನು, ರಾಣಿಯೇ ಬಂದು ಕೂತಿದ್ದಾಳೆ ಎನ್ನುವ ಹಾಗೆ, ಒಂದೊಂದೇ ಕೂದಲು ನೋಡಿ ತೆಗೆದಳು. ಕೊನೆಗೆ ಐಸ್ ಒತ್ತಿ, ಬಂದವರನ್ನೆಲ್ಲ ಕೇಳುವ ಹಾಗೆಯೇ ಕೇಳಿದಳು: "ಇನ್ನೇನಾದ್ರೂ ಮಾಡ್ಲಾ?"

ಸೊಸೆ ದಾರ ಹಿಡಿದು ಕಾಯುತ್ತ ನಿಂತಿದ್ದಳು. ಗದ್ದದ ವಿಷಯ ಅವಳು ಕೇಳುವುದಿಲ್ಲ, ತಾನು ಹೇಳದ ಹೊರತು ಸಾಯುವವರೆಗೂ ಕೇಳುವುದಿಲ್ಲ ಎಂದು ಅತ್ತೆಗೆ ತಿಳಿಯಿತು. ಅವರು ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇದು," ಎಂದರು.

"ತಲೆ ಹಿಂದಕ್ಕೆ ಇಡಿ ಅತ್ತೆ. ಗಾಯದ ಹತ್ರ ನಿಧಾನವಾಗಿ ಮಾಡ್ತೀನಿ."

ನೋವಾಯಿತು, ಕಣ್ಣಲ್ಲಿ ನೀರು ಬಂತು. ಎಲ್ಲ ಮುಗಿದ ಮೇಲೆ ಅತ್ತೆ ಬೆರಳಾಡಿಸಿ ನೋಡಿಕೊಂಡರು. ಮೂವತ್ತೈದು ವರ್ಷದಲ್ಲಿ ಇಷ್ಟು ನುಣ್ಣಗೆ ಎಂದೂ ಆಗಿರಲಿಲ್ಲ.

"ನಿಂಗೆ ಯಾವಾಗಿಂದ ಗೊತ್ತು?"

"ಮದುವೆಯಾಗಿ ಬಂದ ವಾರದಿಂದ."

"ಒಂದು ಮಾತು ಆಡ್ಲಿಲ್ಲ ನೀನು."

"ನೀವು ಚಿಲಕ ಹಾಕ್ಕೊಳ್ತಿದ್ರಿ ಅತ್ತೆ. ಬಾಗಿಲು ಬಡಿಯೋದು ಹೇಗೆ?"

ಅತ್ತೆ ಅವಳ ಕೈ ಹಿಡಿದರು. ಈ ಕೈ ಹನ್ನೊಂದು ವರ್ಷ ರಬ್ಬರ್ ಸ್ಟಾಂಪು ಒತ್ತಿ ವ್ಯರ್ಥವಾಯಿತಲ್ಲ ಎಂದು ಅವರಿಗೆ ಅನ್ನಿಸಿತು, ಮತ್ತು ಈ ಸಲ ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿದರು. "ಮುಂಚೆಯೇ ಬಿಡ್ಬೇಕಿತ್ತು ಕಣೆ ಆ ಕೆಲಸ," ಎಂದರು. ಸೊಸೆ ನಗುತ್ತ ಟವೆಲ್ ಜಾಡಿಸಿದಳು.

ಹೊರಗೆ ಬಂದರೆ ಬೆಂಚಿನ ತುದಿಯಲ್ಲಿ ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಕೂತಿದ್ದಳು. ಅಂಥ ಸೆಕೆಯಲ್ಲೂ ಶಾಲನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು. ಅತ್ತೆಯನ್ನು ಕಂಡು ಎದ್ದು ಹೊರಡಲು ನೋಡಿದಳು.

"ಏನು ಮಾಡಿಸ್ಬೇಕಮ್ಮ?" ಎಂದರು ಅತ್ತೆ.

"ಏನಿಲ್ಲ. ಹುಬ್ಬು," ಎಂದಳು ಶಾಲಿನೊಳಗಿಂದ.

ಒಳಗೆ ಹೋಗಬೇಕಿದ್ದ ಅತ್ತೆ ಅವಳ ಪಕ್ಕದಲ್ಲಿ ಕೂತರು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಎದುರು ಮನೆಯವಳು ಬಟ್ಟೆ ಒಣಹಾಕುತ್ತಿದ್ದಳು, ಅವಳ ಕಿವಿ ಬಲು ಚುರುಕು. ಅತ್ತೆ ದನಿ ತಗ್ಗಿಸಲಿಲ್ಲ.

"ನಾನೂ ಹುಬ್ಬು ಅಂತಾನೇ ಹೇಳಿದ್ದೆ," ಎಂದರು. "ನಂಗೆ ಗದ್ದದಲ್ಲಿ ಗಡ್ಡ ಬರುತ್ತೆ. ಮೂವತ್ತೈದು ವರ್ಷದಿಂದ. ಈಗ ತಾನೆ ತೆಗೆಸ್ಕೊಂಡು ಬಂದೆ, ಮುಟ್ಟಿ ನೋಡು."

ಹುಡುಗಿ ಶಾಲಿನಿಂದ ಕೈ ಹೊರಗೆ ತೆಗೆದು ಮುಟ್ಟಿ ನೋಡಿದಳು. "ನೋವಾಗುತ್ತಾ ಅಜ್ಜಿ?" ಎಂದಳು.

"ಆಗದೆ ಏನು. ಹೋಗು, ನಾನಿಲ್ಲೇ ಕೂತಿರ್ತೀನಿ."