ಮುರಿದ ಕಡ್ಡಿಗೆ ಅತ್ತೆಯ ಅಂಟು

ಅತ್ತೆ ಅಂಟು ಹಾಕಿದ ವಸ್ತುವನ್ನು ದೂರದಿಂದಲೇ ಗುರುತಿಸಬಹುದಿತ್ತು. ಹೂಜಿಯ ಹಿಡಿಯಾಗಲಿ, ಮೊಮ್ಮಗಳ ಗೊಂಬೆಯ ಕುತ್ತಿಗೆಯಾಗಲಿ, ಬಿರುಕಿನ ಉದ್ದಕ್ಕೂ ಅಂಟು ಉಕ್ಕಿ ಬಂದು, ನೆಗಡಿಯಾದ ಮಗುವಿನ ಮೂಗಿನಂತೆ ಇಳಿಬಿದ್ದು ಒಣಗಿರುತ್ತಿತ್ತು.

"ಅಮ್ಮಾ, ಕನ್ನಡಕಕ್ಕೆ ಅಂಟು ಹಾಕು ಅಂದ್ರೆ ಅಂಟಿಗೆ ಕನ್ನಡಕ ಹಾಕಿದ್ದೀಯಲ್ಲ" ಎಂದು ಮಗ ರೇಗಿಸಿದರೆ, "ಕೈ ಬಿಗಿ ಹಿಡಿಯೋದು ನಿಮ್ಮಪ್ಪನ ಕಡೆಯವರ ಗುಣ, ನನ್ನದಲ್ಲ" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದರು. ಸೊಸೆ ಪಕ್ಕದಲ್ಲಿ ನಿಂತು ನಗುತ್ತಿದ್ದಳು.

ಈ ಬೆಳಗ್ಗೆ ಮಾತ್ರ ಅವಳಿಗೆ ನಗು ಬರಲಿಲ್ಲ. ಊಟದ ಮೇಜಿನ ಮೇಲೆ, ಮಗಳ ಹಾಲಿನ ಲೋಟದ ಪಕ್ಕದಲ್ಲಿ, ಬೆರಳುದ್ದದ ಉಕ್ಕಿನ ಕಡ್ಡಿಯೊಂದು ಮಲಗಿತ್ತು. ನಿನ್ನೆ ಅದು ಎರಡು ತುಂಡಾಗಿತ್ತು. ಈಗ ಒಂದಾಗಿತ್ತು. ನಡುವೆ ಗಾಜಿನಂತೆ ಹೊಳೆಯುವ ಅಂಟಿನ ದಪ್ಪ ಉಂಗುರ.

ಲೋಹಗಳನ್ನು ದಣಿಸಿ ಮುರಿಯುವುದೇ ಸೊಸೆಯ ಕೆಲಸ. ಕಡ್ಡಿಯನ್ನು ಯಂತ್ರಕ್ಕೆ ಕಚ್ಚಿಸಿ, ಎಳೆದು ಬಿಟ್ಟು ಎಳೆದು ಬಿಟ್ಟು, ಅದು ಎಲ್ಲಿ ಸೋತಿತು, ಯಾಕೆ ಸೋತಿತು ಎಂದು ನೋಡುವುದು. ಡಾಕ್ಟರೇಟ್ ಮುಗಿದ ಮೇಲೂ ಇಂದು ಈ ಯೋಜನೆ, ನಾಳೆ ಆ ಯೋಜನೆ ಎಂದು ತಾತ್ಕಾಲಿಕ ಹುದ್ದೆಗಳಲ್ಲೇ ಕಾಲ ತಳ್ಳಿದ್ದಳು. ಈಗ ಇದೇ ಊರಿನ ಸಂಸ್ಥೆಯಲ್ಲಿ ಪಾಠ, ಸಂಶೋಧನೆ ಎರಡೂ ಇರುವ ಕಾಯಂ ಹುದ್ದೆಯೊಂದು ಖಾಲಿಯಾಗಿತ್ತು. ಇದು ಕೈತಪ್ಪಿದರೆ ಒಂದೋ ಮಗಳನ್ನು ಬಿಟ್ಟು ಬೇರೆ ಊರಿಗೆ ಹೋಗಬೇಕು, ಇಲ್ಲವೇ ಸಂಶೋಧನೆಯನ್ನು ಬಿಡಬೇಕು.

ಸಂದರ್ಶನ ನಾಳೆ. ಈ ಉಕ್ಕಿನಲ್ಲಿ ಬಿರುಕು ಹುಟ್ಟುವುದು ಮೇಲ್ಮೈಯ ಗೀರಿನಿಂದಲ್ಲ, ಒಳಗಿನ ಕಲ್ಮಶದ ಕಣದಿಂದ ಎಂಬುದು ಅವಳ ವಾದ. ಅದಕ್ಕೆ ಸಾಕ್ಷಿ ಮುರಿದ ಮುಖದ ಮೇಲೆಯೇ ಇರಬೇಕು. ವಾರಗಟ್ಟಲೆ ಯಂತ್ರದಲ್ಲಿ ಕುಣಿದು ಮುರಿದದ್ದು ಈ ಕಡ್ಡಿ. ಇಂದು ಮಧ್ಯಾಹ್ನ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಮನೆಯಿಂದ ನೇರ ಅಲ್ಲಿಗೇ ಹೋದರಾಯಿತು ಎಂದು ನಿನ್ನೆಯೇ ಪ್ರಯೋಗಾಲಯದ ಕೋಟಿನ ಜೇಬಿನಲ್ಲಿಟ್ಟು ಮನೆಗೆ ತಂದಿದ್ದಳು.

ಅವಳ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಮುರಿದ ತುಂಡುಗಳನ್ನು ಮತ್ತೆ ಜೋಡಿಸಿ ನೋಡಬಾರದು. ಮುಖಕ್ಕೆ ಮುಖ ತಾಗಿದರೆ ಸೂಕ್ಷ್ಮ ಗುರುತುಗಳೆಲ್ಲ ಉಜ್ಜಿ ಹಾಳಾಗುತ್ತವೆ. ಹೊಸ ವಿದ್ಯಾರ್ಥಿಗಳಿಗೆ ಅವಳು ಮೊದಲು ಹೇಳುವುದೇ, "ಮುರಿದಿದ್ದಕ್ಕೆ ಮುತ್ತು ಕೊಡಿಸಬೇಡಿ" ಎಂದು.

"ಅತ್ತೆ... ಇದು ನಿಮಗೆಲ್ಲಿ ಸಿಕ್ತು?"

"ಕೋಟು ಒಗೆಯೋಣ ಅಂತ ತೆಗೆದೆ ಕಣಮ್ಮ. ಜೇಬಲ್ಲಿ ಎರಡು ಡಬ್ಬಿ, ಒಂದೊಂದರಲ್ಲಿ ಒಂದೊಂದು ಚೂರು. ಪಾಪ, ನಾಳೆ ಇಂಟರ್‌ವ್ಯೂ ಇಟ್ಕೊಂಡು ಸಾಮಾನು ಮುರ್ಕೊಂಡು ಬಂದಿದ್ದಾಳೆ, ಹೇಳೋಕೆ ನಾಚಿಕೆ ಅಂದ್ಕೊಂಡೆ. ನೋಡು, ಗೊತ್ತೇ ಆಗಲ್ಲ!"

"ಅಯ್ಯೋ ಅಜ್ಜೀ," ಹಾಲಿನ ಮೀಸೆ ಹೊತ್ತ ಮಗಳು ಕಣ್ಣರಳಿಸಿದಳು, "ಮುರಿದಿದ್ದಕ್ಕೆ ಮುತ್ತು ಕೊಡಿಸಿಬಿಟ್ಯಾ?"

ಅತ್ತೆ ಸೊಸೆಯ ಮುಖ ನೋಡಿದರು. ಅವರ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲಿಗೇ ನಿಂತಿತು. "ಏನಾಯ್ತೇ? ಕೆಡಿಸಿಬಿಟ್ಟೆನಾ?"

ಸೊಸೆ ಬಾಯಿಗೆ ಬಂದ ಮಾತನ್ನು ನುಂಗಿ, ಕುರ್ಚಿ ಎಳೆದು ಕುಳಿತಳು. "ಇಲ್ಲ ಅತ್ತೆ. ಸ್ವಲ್ಪ ನೆನಪು ಮಾಡ್ಕೊಂಡು ಹೇಳಿ. ಚೂರುಗಳನ್ನ ಮೊದಲು ಹಾಗೇ ಕೂರಿಸಿ ನೋಡಿದ್ರಾ?"

"ಕೂರಿಸಿ ನೋಡೋದೇನು? ಎರಡೇ ಚೂರು, ಅಷ್ಟೂ ಗೊತ್ತಾಗಲ್ವಾ? ಈ ಕಡೆ ಬಳಿದೆ, ಆ ಕಡೆ ಬಳಿದೆ. ಸಾಲದೇನೋ ಅಂತ ಇನ್ನೊಂದಿಷ್ಟು ಬಳಿದೆ. ಆರಲಿ ಅಂತ ಬಿಟ್ಟು, ಪಾತ್ರೆ ತೊಳೆದು ಬಂದು ಆಮೇಲೆ ತಾಗಿಸಿಟ್ಟೆ."

"ಒತ್ತಿ ಹಿಡಿದ್ರಾ?"

"ಒತ್ತಿದ್ರೆ ಅಂಟೆಲ್ಲ ಆಚೆ ಬಂದುಬಿಡುತ್ತಲ್ಲೇ!"

ಸೊಸೆ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತುಂಡುಗಳ ನಡುವೆ, ಬ್ರೆಡ್ಡಿನ ಹೋಳುಗಳ ನಡುವಿನ ಬೆಣ್ಣೆಯಂತೆ, ಅಂಟಿನ ಪದರ ಕಾಣುತ್ತಿತ್ತು. ಮುಖಗಳು ತಾಗಿರಲಿಕ್ಕಿಲ್ಲ. ತಾಗಿದ್ದರೂ ತಾಗಿರಬಹುದು. ಅವಳು ಕಡ್ಡಿಯನ್ನು ಹತ್ತಿಯಲ್ಲಿ ಸುತ್ತಿಕೊಂಡು ಹೊರಟಳು. ಅತ್ತೆ ಒರೆಸುವ ಬಟ್ಟೆ ಹಿಡಿದೇ ಬಾಗಿಲವರೆಗೂ ಬಂದರು.

ಸೂಕ್ಷ್ಮದರ್ಶಕದ ಕೋಣೆಯನ್ನು ನೋಡಿಕೊಳ್ಳುವವಳನ್ನು ಎಲ್ಲರೂ ದುರ್ಬೀನಕ್ಕ ಎನ್ನುತ್ತಿದ್ದರು. ಕತೆ ಕೇಳಿ ಅವಳು ಹಣೆ ಚಚ್ಚಿಕೊಂಡಳು.

"ಅತ್ತೆಯರು ಸೊಸೆ ಕೆಲಸ ಕೆಡಿಸೋ ಎಷ್ಟೋ ದಾರಿ ಕೇಳಿದ್ದೀನಿ. ಇದು ಹೊಸದು ಬಿಡು."

"ಹಾಗನ್ಬೇಡಕ್ಕ. ನನ್ನ ಕೋಟು ಒಗೆದವರೂ ಅವರೇ."

ಕಡ್ಡಿಯನ್ನು ಅಸಿಟೋನ್ ತುಂಬಿದ ಬಟ್ಟಲಿನಲ್ಲಿ ಮುಳುಗಿಸಿದರು. ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಕೋಣೆ ತುಂಬಿತು. ಅಂಟು ಮೊದಲು ಬೆಳ್ಳಗಾಯಿತು, ಆಮೇಲೆ ಮೆತ್ತಗಾಯಿತು. ತುಂಡುಗಳು ತಾವಾಗಿಯೇ ಬೇರೆಯಾಗಿ ಮಗ್ಗುಲಾದವು. ದುರ್ಬೀನಕ್ಕ ಚಿಮಟದಿಂದ ಮೆಲ್ಲಗೆ ಎಳೆದಳು. ಹಾಲಿನ ಕೆನೆಯಂತೆ ಪದರ ಎದ್ದು ಬಂತು. ಇನ್ನೊಮ್ಮೆ ತೊಳೆದು, ಒಣಗಿಸಿ, ಯಂತ್ರದೊಳಗಿಟ್ಟಳು. ಸೊಸೆ ಪರದೆಯ ಕಡೆ ನೋಡಲಾರದೆ ನೆಲದ ಕಡೆ ನೋಡುತ್ತ ಕೂತಳು.

"ಏ, ತಲೆ ಎತ್ತೇ. ಮೀನು ನಿನ್ನನ್ನೇ ನೋಡ್ತಿದೆ."

ಪರದೆಯ ಮೇಲೆ ಒಂದು ದುಂಡನೆಯ ವೃತ್ತ, ಅದರ ನಟ್ಟನಡುವೆ ಕಪ್ಪು ಚುಕ್ಕೆ. ಬಿರುಕು ಕಲ್ಮಶದ ಕಣದಿಂದ ಹುಟ್ಟಿ ಸುತ್ತಲೂ ಹರಡಿದ ಗುರುತು ಅದು. ನೋಡಲು ಹಾಗೆಯೇ ಕಾಣುವುದರಿಂದ ಅವರ ಕಸುಬಿನವರು ಅದನ್ನು ಮೀನಿನ ಕಣ್ಣು ಎನ್ನುತ್ತಾರೆ. ಒಂದು ಗೀರಿಲ್ಲ, ಒಂದು ಧೂಳಿನ ಕಣವಿಲ್ಲ. ಧೂಳನ್ನೆಲ್ಲ ಅಂಟು ತನ್ನ ಜೊತೆಯಲ್ಲೇ ಎತ್ತಿಕೊಂಡು ಹೋಗಿತ್ತು.

ಸೊಸೆಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು.

"ಮೊದಲು ಮನೆಗೆ ಫೋನ್ ಮಾಡು," ದುರ್ಬೀನಕ್ಕ ಎಂದಳು. "ಪಾಪ, ಆ ಯಮ್ಮ ಊಟ ಮಾಡಿರ್ತಾರೋ ಇಲ್ಲವೋ."

ಮಾಡಿರಲಿಲ್ಲ.

ಮರುದಿನ ಸಂದರ್ಶನದಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಗೀರಿನಿಂದ ಅಲ್ಲ ಅನ್ನೋದು ಒಪ್ಪಿದೆ. ಆದರೆ ಮುಖ ಇಷ್ಟು ಶುಭ್ರವಾಗಿ ಹೇಗೆ ಉಳಿಸಿದಿರಿ?"

ಏನಾದರೂ ದೊಡ್ಡ ಹೆಸರು ಹೇಳಬಹುದಿತ್ತು. ಅವಳು ಹೇಳಲಿಲ್ಲ. "ನಮ್ಮತ್ತೆ ಅಂಟು ಬಳಿದಿದ್ದರು ಸರ್" ಎಂದು ಆದದ್ದನ್ನು ಆದ ಹಾಗೆ ಹೇಳಿದಳು. ಕೋಣೆಯಲ್ಲಿ ನಗು ಎದ್ದಿತು. ಪ್ರಾಧ್ಯಾಪಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಮುಂದಿನ ಸಲ ನೀವೇ ಬಳಿದು, ಅದನ್ನೂ ಬರೆದಿಡಿ" ಎಂದರು.

ಆಯ್ಕೆಯಾಗಿದೆ ಎಂಬ ಕರೆ ಬಂದಾಗ ಅವಳು ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಒಳಗೆ ಬಂದು ಹೇಳಿದಾಗ ಅತ್ತೆ ಅಲ್ಲೇ ಕುಸಿದು ಕುಳಿತರು.

"ಅಬ್ಬಾ! ಅಂತೂ ಆ ದಿನ ನನ್ನ ಅಂಟು ಗಟ್ಟಿಯಾಗಿ ಹಿಡ್ಕೊಂಡಿತ್ತಾ?"

"ಇಲ್ಲ ಅತ್ತೆ. ಪೂರ್ತಿ ಬಿಟ್ಟುಬಿಡ್ತು. ಅದಕ್ಕೇ ಕೆಲಸ ಸಿಕ್ಕಿದ್ದು."

ಅತ್ತೆಯ ಮುಖ ಸಣ್ಣದಾಯಿತು. "ನನ್ನ ಅಂಟು ಬಿಡೋದಾ? ಸುಮ್ನಿರು. ಆ ಹೂಜಿ ನೋಡು, ಈಗಲೂ ಹೇಗಿದೆ!" ಎಂದು, ಸೊಸೆಯ ಕೈಯಲ್ಲಿದ್ದ ಬಟ್ಟೆಯಲ್ಲಿ ಅರ್ಧ ಎಳೆದುಕೊಂಡು ಮಡಚತೊಡಗಿದರು.